ಹಳೆ ಕ್ಯಾಂಪರ್ ಫೋರ್ ವೀಲ್ ಡ್ರೈವ್ ಎರಡು ಇಂಚು ಎತ್ತರಿಸಬೇಕು, ಎಲ್ಲಿಂದ ಶುರು ಮಾಡ್ಲಿ?

ತುಂಗಾತೀರ_37 (ಗಂಗಾವತಿ)

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2012ರ ಮಹೀಂದ್ರಾ ಕ್ಯಾಂಪರ್ ಪಿಕಪ್ (ಹಿಂದ ಲೋಡ್ ಹೇರೋ ಡಬ್ಬಿ ಇರೋದು), ಫೋರ್ ವೀಲ್ ಡ್ರೈವ್. ಮುಂದ ಹಿಂದ ಎರಡೂ ಕಡೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪ್ಲೇಟ್ ಜೋಡಿಸಿದ್ದು), ಗಟ್ಟಿ ಹೌಸಿಂಗ್ (ಎರಡೂ ಚಕ್ರ ಕೂಡಿಸೋ ಆಕ್ಸಲ್ಲಿನ ಒಂದ ಕೊಳವಿ). ಟೈರು 215/75 ಆರ್ 15. ಆನೆಗೊಂದಿ ಕಡೆ ಬಂಡೆ ದಾರಿ, ಮಳಿಗಾಲದಾಗ ಕಾರಟಗಿ ಕಡೆ ಗದ್ದಿ ದಾರಿ, ಎರಡರಾಗೂ ಓಡಸೋದೈತಿ. ಡಬ್ಬಿಯೊಳಗ ಆಗಾಗ ಮೂರ್ನಾಕು ಕ್ವಿಂಟಲ್ ಲೋಡ್ ಇರ್ತೈತಿ. ಬಂಡೆ ಮ್ಯಾಲೆ ಗಾಡಿ ಹೊಟ್ಟಿ ತಾಗತೈತಿ, ಹಿಂದಿನ ಕ್ರೌನ್ ಗುಂಡು (ಹೌಸಿಂಗ್ ನಡುವಿನ ಗೇರ್ ಇರೋ ಗುಂಡು) ಎರಡು ಕಡೆ ಕೆರಕೊಂಡೈತಿ.

ಮೂರು ಗ್ಯಾರೇಜಿನಾಗ ಕೇಳಿದ್ರ ಮೂರು ಉತ್ತರ. ಒಬ್ಬರು ನಾಲ್ಕೂ ಕಡೆ ಉದ್ದ ಶ್ಯಾಕಲ್ (ಸ್ಪ್ರಿಂಗಿನ ಒಂದು ತುದಿನ ಚಾಸಿಗೆ ಕೂಡಿಸೋ ತೂಗು ಪಟ್ಟಿ) ಹಾಕ್ತೀವಿ ಅಂತಾರ. ಇನ್ನೊಬ್ಬರು ಹೌಸಿಂಗ್ ಮ್ಯಾಲೆ ಕಬ್ಬಿಣದ ಬ್ಲಾಕ್ ಇಡ್ತೀವಿ ಅಂತಾರ. ಮೂರನೇದವರು ಬಾಡಿ ಕೆಳಗ ಗುಟ್ಟಾ ಕೊಟ್ಟು ಎತ್ತರ್ಸೋಣ, ಒಂದ ದಿನದ ಕೆಲಸ ಅಂತಾರ. ಯಾವುದು ಸರಿ? ಬ್ರೇಕು, ಸ್ಟೇರಿಂಗು, ಶಾಫ್ಟು ಇವಕ್ಕೆಲ್ಲಾ ಏನೇನು ಬದಲಿ ಮಾಡಬೇಕಾಗ್ತೈತಿ? ಬಲ್ಲವರು ಬಿಡಿಸಿ ಹೇಳ್ರಿ.


ಪಾನಾ_ಪೆಟ್ಟಿಗೆ (ಬಳ್ಳಾರಿ)

ಶ್ಯಾಕಲ್ಲು, ಬ್ಲಾಕು ಅನ್ನೋಕೆ ಮುಂಚೆ ಟೇಪು ಹಿಡೀರಿ. ಗಾಡಿ ಸಪಾಟಾದ ಕಾಂಕ್ರೀಟ್ ಮೇಲೆ ನಿಲ್ಸಿ, ಡಬ್ಬಿ ಖಾಲಿ ಇರ್ಲಿ, ನಾಲ್ಕೂ ಟೈರಿಗೆ ಒಂದೇ ಸಮ ಗಾಳಿ ಇರ್ಲಿ. ಹಬ್ಬಿನ ನಡುಮಧ್ಯದಿಂದ ಮೇಲೆ ಫೆಂಡರ್ ಕಮಾನಿನ ಅಂಚಿಗೆ ಎಷ್ಟಿದೆ ಅಂತ ನಾಲ್ಕೂ ಕಡೆ ಬರ್ಕೊಳ್ಳಿ. ನೆಲದಿಂದ ಅಳೀಬೇಡಿ, ಟೈರು ಸವೆದಿದ್ರೆ ಲೆಕ್ಕ ತಪ್ಪುತ್ತೆ. ಹತ್ತು ವರ್ಷ ದಾಟಿದ ಲೋಡ್ ಗಾಡಿ ಸ್ಪ್ರಿಂಗು ಒಂದು ಇಂಚಾದ್ರೂ ಕೂತಿರ್ತೈತೆ. ಎಷ್ಟೋ ಸಲ ಜನ "ಲಿಫ್ಟ್" ಅಂತ ಕೇಳೋದು ಕಂಪನಿ ಕೊಟ್ಟಿದ್ದ ಎತ್ತರಾನೇ.

ಇನ್ನು ಮೂರು ಗ್ಯಾರೇಜಿನ ಮಾತು.

ಬಾಡಿ ಕೆಳಗೆ ಗುಟ್ಟಾ ಕೊಟ್ರೆ ಬಾಡಿ ಮೇಲೆ ಹೋಗ್ತೈತೆ, ಚಾಸಿ ಇದ್ದಲ್ಲೇ ಇರ್ತೈತೆ. ನಿಮಗೆ ತಾಗ್ತಿರೋದು ಚಾಸಿ ಹೊಟ್ಟೆ ಮತ್ತು ಕ್ರೌನು. ಎರಡಕ್ಕೂ ಒಂದು ಮಿಮೀ ಲಾಭ ಇಲ್ಲ. ಅದ್ರ ಮೇಲೆ ಸ್ಟೇರಿಂಗ್ ಕಾಲಂ ಜಾಯಿಂಟ್, ಡೀಸೆಲ್ ತುಂಬೋ ಪೈಪು, ಗೇರ್ ಲಿವರಿನ ರಂಧ್ರ, ಅರ್ಥಿಂಗ್ ವೈರು ಎಲ್ಲಾ ಎಳೀತಾವೆ. ಬಿಟ್ಟುಬಿಡಿ.

ಉದ್ದ ಶ್ಯಾಕಲ್: 50 ಮಿಮೀ ಉದ್ದ ಹೆಚ್ಚಿಸಿದ್ರೆ ಆಕ್ಸಲ್ ಹತ್ರ ಸಿಗೋದು ಅರ್ಧ, ಅಂದ್ರೆ 25 ಮಿಮೀ. ಯಾಕಂದ್ರೆ ಸ್ಪ್ರಿಂಗಿನ ಒಂದೇ ತುದಿ ಕೆಳಗಿಳೀತೈತೆ. ಹಂಗೆ ಒಂದು ತುದಿ ಇಳಿದಾಗ ಹೌಸಿಂಗು ತಿರುಗ್ತೈತೆ. ಕಣ್ಣಿಂದ ಕಣ್ಣಿಗೆ 1100 ಮಿಮೀ ಇರೋ ಸ್ಪ್ರಿಂಗಾದ್ರೆ 50 ಮಿಮೀಗೆ ಸುಮಾರು ಎರಡೂವರೆ ಡಿಗ್ರಿ. ಮುಂದಿನ ಆಕ್ಸಲ್ಲಿಗೆ ಇದು ದೊಡ್ಡ ಮಾತು. ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದೀಲಿದ್ರೆ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗೋ ಅಚ್ಚು ಹಿಂದಕ್ಕೆ ವಾಲಿರೋ ಕೋನ) ಅಷ್ಟೂ ಕಮ್ಮಿ ಆಗ್ತೈತೆ, 60ರ ಮೇಲೆ ಗಾಡಿ ರಸ್ತೆ ತುಂಬಾ ಅಲೀತೈತೆ, ತಿರುವಿಂದ ಸ್ಟೇರಿಂಗ್ ತಾನಾಗಿ ವಾಪಸ್ ಬರಲ್ಲ. ಶ್ಯಾಕಲ್ ಹಿಂದಿನ ತುದೀಲಿದ್ರೆ ಕ್ಯಾಸ್ಟರ್ ಹೆಚ್ಚಿ, ಮುಂದಿನ ಕ್ರೌನಿನ ಪಿನಿಯನ್ ಮೂಗು (ಶಾಫ್ಟ್ ಬಂದು ಕೂಡೋ ತುದಿ) ಕೆಳಗೆ ಬಾಗ್ತೈತೆ, ಶಾಫ್ಟಿನ ಕೋನ ಕೆಡ್ತೈತೆ. ಮೊದ್ಲು ಗಾಡಿ ಕೆಳಗೆ ಬಗ್ಗಿ ಶ್ಯಾಕಲ್ ಯಾವ ಕಡೆ ಅಂತ ನೋಡ್ಕೊಳ್ಳಿ. ಹೆಂಗಿದ್ರೂ ಮುಂದೆ ಉದ್ದ ಶ್ಯಾಕಲ್ ಬೇಡ ಅಂತಲೇ ನನ್ನ ಮಾತು. ಉದ್ದ ಆದಷ್ಟೂ ಅಡ್ಡಡ್ಡ ಓಲಾಡ್ತೈತೆ ಬೇರೆ.

ಬ್ಲಾಕ್: ಹಿಂದೆ ಮಾತ್ರ, ಅದೂ ಸ್ಪ್ರಿಂಗು ಹೌಸಿಂಗಿನ ಮೇಲೆ ಕೂತಿದ್ರೆ ಮಾತ್ರ. ಮುಂದೆ ಯಾವತ್ತೂ ಬೇಡ. ಬ್ರೇಕ್ ಒತ್ತಿದಾಗ ಮುಂದಿನ ಹೌಸಿಂಗು ಸ್ಪ್ರಿಂಗನ್ನ ತಿರುಚ್ತೈತೆ, ಬ್ಲಾಕ್ ಎತ್ತರ ಇದ್ದಷ್ಟೂ ಆ ಸನ್ನೆಗೋಲು ಉದ್ದ. ಜಾರಿ ಹೊರಗೆ ಬಂದ್ರೆ ಸ್ಟೇರಿಂಗೇ ಕೈಲಿರಲ್ಲ. ಹಿಂದೆ ಹಾಕೋದಾದ್ರೂ ಒಂದೇ ತುಂಡು ಉಕ್ಕಿಂದು, ಕೆಳಗೆ ಹೌಸಿಂಗ್ ಪ್ಯಾಡಿನ ತೂತಿಗೆ ಕೂರೋ ಗೂಟ, ಮೇಲೆ ಸೆಂಟರ್ ಬೋಲ್ಟ್ ತಲೆ ಕೂರೋ ತೂತು, ಎರಡೂ ಇರ್ಬೇಕು. ಎರಡು ಬ್ಲಾಕ್ ಒಂದ್ರ ಮೇಲೊಂದು ಇಡೋದು, ಚೌಕ ಪೈಪ್ ಕತ್ತರಿಸಿ ತುರುಕೋದು, ಸಾಗವಾನಿ ತುಂಡು ಇಡೋದು, ಇವನ್ನ ಮಾಡ್ತೀವಿ ಅಂದವರ ಹತ್ರ ಗಾಡಿ ಬಿಡಬೇಡಿ.

ನನ್ನ ಲೆಕ್ಕ ಇಷ್ಟು: ಮುಂದೆ 40 ಮಿಮೀ ಹೆಚ್ಚು ಬಾಗು ಇರೋ ಹೊಸ ಸ್ಪ್ರಿಂಗ್ ಸೆಟ್ಟು. ಹಿಂದೆ ಲೋಡ್ ಇರೋದ್ರಿಂದ ಸೆಟ್ಟಿಗೆ ಒಂದು ಉದ್ದ ಪ್ಲೇಟ್ ಸೇರ್ಸೋದು, ಇಲ್ಲಾ ಕೂತಿರೋ ಸೆಟ್ಟನ್ನೇ ಬದಲಿ ಮಾಡೋದು. ಟೈರು 235/75 ಆರ್ 15. ಟೈರಿಂದ 15, ಸ್ಪ್ರಿಂಗಿಂದ 40, ಒಟ್ಟು 55 ಮಿಮೀ. ನೀವು ಕೇಳಿದ ಎರಡು ಇಂಚು ಅಲ್ಲಿಗೆ ಬಂತು.

ಹಳೆ ಪ್ಲೇಟನ್ನೇ ಕುಲುಮೇಲಿ ಕಾಸಿ ಬಾಗ್ಸಿ ಕೊಡ್ತೀವಿ ಅಂತಾರಲ್ಲ, ಅದ್ರ ಬಗ್ಗೆ ಒಂದು ಮಾತು. ಸ್ಪ್ರಿಂಗ್ ಉಕ್ಕನ್ನ 850 ಡಿಗ್ರಿ ಮೇಲೆ ಕಾಸಿ, ಎಣ್ಣೇಲಿ ಅದ್ದಿ, ಮತ್ತೆ 450ರ ಆಸುಪಾಸು ಟೆಂಪರ್ ಮಾಡಿದ್ರೆ ಮಾತ್ರ ಅದು ಸ್ಪ್ರಿಂಗು. ಕೆಂಪಗೆ ಕಾಸಿ ಬಡಿದು ಗಾಳೀಲಿ ಆರಕ್ಕಿಟ್ರೆ ಎರಡು ತಿಂಗಳಲ್ಲಿ ಮತ್ತೆ ಕೂರ್ತೈತೆ. ನೀರಿಗೆ ಅದ್ದಿದ್ರೆ ಇನ್ನೂ ಕೆಟ್ಟದ್ದು, ಗುಂಡೀಲಿ ಬಿದ್ದಾಗ ಗಾಜಿನ ಹಂಗೆ ಕಟ್ಟಾಗ್ತೈತೆ. ತಣ್ಣಗಿರುವಾಗಲೇ ಪ್ರೆಸ್ಸಲ್ಲಿ ಬಾಗ್ಸೋರು ಇದ್ರೆ ಅರ್ಧ ಇಂಚಿನ ತನಕ ಪರ್ವಾಗಿಲ್ಲ.


ಎರೆಮಣ್ಣು (ಸಿಂಧನೂರು)

ಪಾನಾ ಅಣ್ಣಾರು ಹೇಳಿದ್ದು ಖರೆ ಅದ, ಆದ್ರ ಟೈರಿನ ಮಾತು ಕೊನಿಗೆ ಹೇಳಿ ಮುಗಿಸಿಬಿಟ್ರು. ತುಂಗಾತೀರ ಅವ್ರ, ನಿಮ್ಮ ಕ್ರೌನ್ ಗುಂಡು ಕೆರಕೊಂತದ ಅಂದ್ರಿ. ಗಟ್ಟಿ ಹೌಸಿಂಗಿನ ಗಾಡಿಯಾಗ ಸ್ಪ್ರಿಂಗ್ ನಾಕು ಇಂಚು ಎತ್ತರ ಮಾಡಿದ್ರೂ ಕ್ರೌನು ನೆಲದಿಂದ ಅಷ್ಟ ಎತ್ತರದಾಗ ಇರ್ತದ. ಅದನ್ನ ಎತ್ತೋದು ಟೈರ್ ಒಂದ. 215/75ರ ಎತ್ತರ ಸುಮಾರು 703 ಮಿಮೀ, 235/75ದು 733. ಅರ್ಧ ಮಾಡಿದ್ರ 15. ಹಂಗಂತ 31 ಇಂಚಿನ ಟೈರಿಗೆ ಹಾರಬ್ಯಾಡ್ರಿ. ಕ್ರೌನಿಗೆ 42 ಮಿಮೀ ಸಿಗತದ, ಖರೆ, ಆದ್ರ ಸ್ಪೀಡೋಮೀಟರ್ 60 ತೋರಿಸಿದಾಗ ಗಾಡಿ 67ರಾಗ ಇರ್ತದ. ಗೇರೆಲ್ಲಾ 12 ಪರ್ಸೆಂಟ್ ಉದ್ದ ಆದಂಗ, ಲೋಡ್ ಇದ್ದಾಗ ದಿಬ್ಬದಾಗ ಕ್ಲಚ್ ಸುಡತದ. ಬ್ರೇಕಿಗೂ ಅಷ್ಟ ಹೆಚ್ಚಿನ ಭಾರ. 235ಕ್ಕ ಆದ್ರ ವ್ಯತ್ಯಾಸ 4 ಪರ್ಸೆಂಟ್ ಮ್ಯಾಲೆ ಸ್ವಲ್ಪ, ತಡಕೋಬಹುದು.

ಇನ್ನ ಕಾರಟಗಿ ಗದ್ದಿ ದಾರಿ. ಎರೆಮಣ್ಣಿಗೆ ಎತ್ತರ ಉಪಯೋಗಿಲ್ಲ. ಹಸಿ ಎರಿ ಟೈರಿನ ಗಟ್ಟಿಯೊಳಗ (ಉಬ್ಬು ಹಲ್ಲಿನ ಸಂದಿನಾಗ) ಮೆತ್ತಿಕೊಂಡು ಎರಡು ಸುತ್ತಿನಾಗ ಟೈರು ಬೋಳಾಗತದ, ಫೆಂಡರಿನಾಗ ತುಂಬಿ ಚಕ್ರ ತಿರಗೋದ ಬಂದ್ ಆಗತದ. ಅದಕ್ಕ ಬೇಕಾದ್ದು ಗಟ್ಟಿ ನಡುವ ಅಗಲ ಸಂದು ಇರೋ ಟೈರು ಮತ್ತ ಕಮ್ಮಿ ಗಾಳಿ. ಖಾಲಿ ಗಾಡಿಗೆ 20 ಪಿಎಸ್‌ಐ ತನ ಇಳಸ್ರಿ, ಕೆಳಗ ಹೋದ್ರ ಟೈರು ರಿಮ್ ಬಿಟ್ಟು ಕಳಚತದ. ಲೋಡ್ ಇದ್ದಾಗ ಇಳಸಬ್ಯಾಡ್ರಿ. ಡಾಂಬರು ಹತ್ತೋಕ್ಕಿಂತ ಮೊದಲ ವಾಪಸ್ ತುಂಬಿಸ್ಲಿಕ್ಕ ಹನ್ನೆರಡು ವೋಲ್ಟಿನ ಪಂಪ್ ಗಾಡಿಯಾಗ ಇರಲಿ. ರಾಯಚೂರು ಬ್ಯಾಸಿಗಿ ಬಿಸಲಿನಾಗ ಕಮ್ಮಿ ಗಾಳಿ ಟೈರಿನ ಪಕ್ಕೆ ಕಾದು ಸೀಳಾಕ ಹತ್ತು ಕಿಲೋಮೀಟರ್ ಸಾಕು. ಆನೆಗೊಂದಿ ಕಲ್ಲಿನ ಮ್ಯಾಲೆ ಮಾತ್ರ 25ಕ್ಕ ನಿಲ್ಲಸ್ರಿ. ಗ್ರಾನೈಟ್ ಅಂಚು ಪಕ್ಕೆಗೇ ಹೊಡಿತದ.

ಕಾಲುವಿ ಏರಿ ಮ್ಯಾಲೆ ಓಡ್ಸೋರಿಗೆ ಇನ್ನೊಂದು. ಚಕ್ರದ ನಡುವಿನ ಅಂತರ 1400 ಮಿಮೀ, ಭಾರದ ನಡು 700 ಮಿಮೀ ಎತ್ತರದಾಗ ಅದ ಅಂತ ಹಿಡೀರಿ. ಅಗಲದ ಅರ್ಧ ಭಾಗಿಸು ಎತ್ತರ ಅಂದ್ರ 1. ಆ ನಡು 50 ಮಿಮೀ ಮ್ಯಾಲೆ ಹೋದ್ರ 0.93. ಪಕ್ಕಕ್ಕ ಉರುಳೋದು ಅಷ್ಟು ಸಸಾರ ಆತು. ಸ್ಪ್ರಿಂಗ್ ವಾಲೋದು, ಏರಿ ಅಂಚು ಕುಸಿಯೋದು ಈ ಲೆಕ್ಕದಾಗ ಇಲ್ಲ. ಎತ್ತರ ಮಾಡಿದ ಮ್ಯಾಲೆ ಟಾಪಿನ ಮ್ಯಾಲೆ ಸ್ಟೆಪ್ನಿ, ನೀರಿನ ಡ್ರಮ್ಮು ಹೇರೋದು ಬಿಡ್ರಿ, ಅವು ಡಬ್ಬಿಯೊಳಗ ಇರಲಿ.


ತುಂಗಾತೀರ_37

ಧನ್ಯವಾದ್ರಿ ಇಬ್ಬರಿಗೂ. ಅಳತಿ ತಗೊಂಡೆ. ಮುಂದ ಎಡಕ್ಕ 480, ಬಲಕ್ಕ 465. ಹಿಂದ ಎಡಕ್ಕ 502, ಬಲಕ್ಕ 498. ಹಿಂದ ಸ್ಪ್ರಿಂಗು ಹೌಸಿಂಗ್ ಮ್ಯಾಲೇ ಕುಂತೈತಿ. ಹೌಸಿಂಗಿನಿಂದ ಚಾಸಿ ಮ್ಯಾಲಿನ ಬ್ರೇಕ್ ವಾಲ್ವಿಗೆ ಒಂದು ಕಡ್ಡಿ ಹೋಗೈತಿ, ಅದು ಏನು? ಮತ್ತ ಈ ಕೆಲಸ ಮನಿ ಮುಂದ ಮಾಡಬಹುದಾ? ಜಾಕಿ, ಪಾನಾ ಸೆಟ್ ಅದಾವ.


ಪಾನಾ_ಪೆಟ್ಟಿಗೆ

ಬಲಕ್ಕೆ 15 ಮಿಮೀ ಕಮ್ಮಿ. ಡ್ರೈವರ್ ಕಡೆ ಸ್ಪ್ರಿಂಗು ಕೂತಿದೆ, ಇಲ್ಲಾ ಒಳಗಿನ ಒಂದು ಪ್ಲೇಟ್ ಕಟ್ಟಾಗಿದೆ. ತಂತಿ ಬ್ರಶ್ ಹಾಕಿ ಸೆಂಟರ್ ಬೋಲ್ಟಿನ ಅಕ್ಕಪಕ್ಕ ನೋಡಿ, ಬಿರುಕು ಸಾಮಾನ್ಯವಾಗಿ ಅಲ್ಲೇ ಬಿಡೋದು, ತುಕ್ಕಿನ ಗೆರೆ ಕಾಣ್ತೈತೆ. ಮುಂದೆ ಹಳೆ ಸೆಟ್ ಇಟ್ಕೊಂಡು ಎತ್ತರ ಮಾಡೋ ಮಾತೇ ಇಲ್ಲ, ಎರಡೂ ಬದಿ ಹೊಸದು.

ಆ ಕಡ್ಡಿ ಲೋಡ್ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಹಂಚೋ ವಾಲ್ವಿಂದು. ಚಾಸಿ ಹೌಸಿಂಗಿಂದ ದೂರ ಹೋದ್ರೆ ಅದು "ಡಬ್ಬಿ ಖಾಲಿ" ಅಂತ ತಿಳ್ಕೊಳ್ತೈತೆ, ಹಿಂದಿನ ಡ್ರಮ್ಮಿಗೆ ಒತ್ತಡ ಕಮ್ಮಿ ಬಿಡ್ತೈತೆ. ನೀವು 40 ಮಿಮೀ ಎತ್ತಿ ಅದನ್ನ ಹಂಗೇ ಬಿಟ್ರೆ, ನಾಲ್ಕು ಕ್ವಿಂಟಲ್ ಹೇರಿದಾಗ್ಲೂ ಹಿಂದಿನ ಬ್ರೇಕು ಅರೆಮನಸ್ಸಲ್ಲಿ ಹಿಡೀತೈತೆ. ಕಡ್ಡಿಯ ಹೌಸಿಂಗ್ ಕಡೆ ಬ್ರ್ಯಾಕೆಟನ್ನ ಎತ್ತಿದಷ್ಟೇ ಮೇಲಕ್ಕೆ ತಗೊಳ್ಳಿ. ಕೆಲಸಕ್ಕೆ ಮುಂಚೆ ಕಡ್ಡಿಯ ಕೋನವನ್ನ ಫೋಟೋ ಹೊಡ್ಕೊಳ್ಳಿ, ಮುಗಿದ ಮೇಲೆ ಅದೇ ಕೋನ ಬರ್ಬೇಕು. ಕಡ್ಡಿ ಬಾಗ್ಸಿ ಸರಿ ಮಾಡೋದು ಬೇಡ.

ಮನೆ ಮುಂದೆ ಮಾಡಬಹುದಾ ಅಂದ್ರೆ, ಕಾಂಕ್ರೀಟ್ ನೆಲ ಇದ್ರೆ, ಇಬ್ಬರಿದ್ರೆ ಮಾಡಬಹುದು. ಮಣ್ಣಿನ ಅಂಗಳ ಆದ್ರೆ ಬೇಡ. ಗಾಡಿ ಜೊತೆ ಬಂದ ಜಾಕಿ ಟೈರ್ ಬದಲಿಸೋಕೆ ಇರೋದು, ಅದ್ರ ಕೆಳಗೆ ಮನುಷ್ಯ ಹೋಗೋಕಲ್ಲ. ಬೇಕಾಗೋದು: 3 ಟನ್ ಟ್ರಾಲಿ ಜಾಕಿ ಒಂದು, 3 ಟನ್ನಿನ ಆಕ್ಸಲ್ ಸ್ಟ್ಯಾಂಡ್ ಜೋಡಿ, ಮರದ ಅಡೆ ನಾಲ್ಕು, ಟಾರ್ಕ್ ಪಾನಾ, ದೊಡ್ಡ ಸಿ ಕ್ಲ್ಯಾಂಪ್ ಎರಡು. ಇಟ್ಟಿಗೆ, ಹಾಲೋ ಬ್ಲಾಕ್, ಸೈಜುಗಲ್ಲು ಯಾವುದೂ ಸ್ಟ್ಯಾಂಡಲ್ಲ. ಹಾಲೋ ಬ್ಲಾಕ್ ಅಂತೂ ಸೂಚನೆ ಕೊಡದೆ ಪುಡಿಯಾಗ್ತೈತೆ.

ಒಂದು ಆಕ್ಸಲ್ ಮುಗಿಸಿ ಇನ್ನೊಂದು. ಹಿಂದಿಂದು ಹೇಳ್ತೀನಿ, ಮುಂದಿಂದೂ ಹಂಗೇ.

ಹಿಂದಿನ ಚಕ್ರ ಎತ್ತಿದ್ರೆ ಹ್ಯಾಂಡ್ ಬ್ರೇಕ್ ಲೆಕ್ಕಕ್ಕಿಲ್ಲ, ಹಂಗಾಗಿ ಮುಂದಿನ ಎರಡೂ ಚಕ್ರಕ್ಕೆ ಮುಂದೆ ಹಿಂದೆ ಅಡೆ ಕೊಡಿ. ಗಾಡಿ ನೆಲದಲ್ಲಿದ್ದಾಗಲೇ ಯು ಬೋಲ್ಟು (ಸ್ಪ್ರಿಂಗನ್ನ ಹೌಸಿಂಗಿಗೆ ಕಟ್ಟೋದು), ಶ್ಯಾಕಲ್ ನಟ್ಟಿಗೆ ತುಕ್ಕಿನ ಎಣ್ಣೆ ಹೊಡೆದು ಒಂದು ರಾತ್ರಿ ಬಿಡಿ. ಸಂಡೂರು ಕಡೆ ಅದಿರಿನ ಧೂಳು ತಿಂದ ಗಾಡಿ ಆದ್ರೆ ಎರಡು ರಾತ್ರಿ. ಹೌಸಿಂಗ್ ಕೆಳಗೆ ಜಾಕಿ ಕೊಟ್ಟು ಎತ್ತಿ, ಸ್ಪ್ರಿಂಗಿನ ಮುಂದಿನ ಬ್ರ್ಯಾಕೆಟಿನ ಸ್ವಲ್ಪ ಮುಂದೆ ಚಾಸಿ ಕೆಳಗೆ ಎರಡೂ ಬದಿ ಸ್ಟ್ಯಾಂಡ್ ಇಡಿ. ಆಮೇಲೆ ಜಾಕಿ ಇಳಿಸ್ತಾ ಬನ್ನಿ, ಭಾರ ಸ್ಟ್ಯಾಂಡಿಗೆ ಬೀಳ್ಲಿ. ಜಾಕಿ ಮಾತ್ರ ಹೌಸಿಂಗಿಗೆ ತಾಗ್ಕೊಂಡೇ ಇರ್ಬೇಕು, ಪೂರ್ತಿ ತೆಗೀಬೇಡಿ. ಗಾಡಿನ ಕೈಯಿಂದ ಜೋರಾಗಿ ಅಲ್ಲಾಡ್ಸಿ ನೋಡಿ, ಬೀಳೋದಿದ್ರೆ ನೀವು ಹೊರಗಿರುವಾಗಲೇ ಬೀಳ್ಲಿ.

ಚಕ್ರ ಬಿಚ್ಚಿ, ಅದನ್ನ ಚಾಸಿ ಕೆಳಗೆ ಮಲಗಿಸಿ. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು, ವಾಲ್ವಿನ ಕಡ್ಡಿ, ಬ್ರೇಕ್ ಹೋಸಿನ ಕ್ಲಿಪ್ಪು ಬಿಡ್ಸಿ. ಇದನ್ನ ಮರೆತು ಹೌಸಿಂಗ್ ಇಳಿಸಿದ್ರೆ ಇಡೀ ಭಾರ ಆ ರಬ್ಬರ್ ಪೈಪಲ್ಲಿ ತೂಗ್ತೈತೆ, ಒಳಗೆ ಹರಿದಿದ್ದು ಹೊರಗಿಂದ ಕಾಣಲ್ಲ. ಈಗ ಒಂದೇ ಬದಿಯ ಯು ಬೋಲ್ಟ್ ತೆಗೀರಿ, ಇನ್ನೊಂದು ಬದಿ ಬಿಗಿಯಾಗೇ ಇರ್ಲಿ, ಹೌಸಿಂಗು ಹಿಂದೆ ಮುಂದೆ ಓಡಲ್ಲ. ಸೆಟ್ ಇಳಿಸಿ. ಪ್ಲೇಟ್ ಸೇರ್ಸೋದಿದ್ರೆ ಸೆಂಟರ್ ಬೋಲ್ಟಿನ ಎರಡೂ ಪಕ್ಕ ಸಿ ಕ್ಲ್ಯಾಂಪ್ ಬಿಗಿದು ಆಮೇಲೆ ಬೋಲ್ಟ್ ಬಿಚ್ಚಿ. ಕ್ಲ್ಯಾಂಪ್ ಇಲ್ದೆ ಬಿಚ್ಚಿದ್ರೆ ಪ್ಲೇಟು ಮುಖಕ್ಕೆ ಹಾರ್ತೈತೆ, ಬೆರಳಿಗೂ ಆಸೆ ಬಿಡ್ಬೇಕು.

ಜೋಡಿಸುವಾಗ ಯು ಬೋಲ್ಟ್ ಹೊಸದೇ. ಒಮ್ಮೆ ಎಳೆದ ಯು ಬೋಲ್ಟಿನ ದಾರ ಹಿಗ್ಗಿರ್ತೈತೆ, ಮತ್ತೆ ಅಷ್ಟೇ ಬಿಗಿ ಹಿಡಿಯಲ್ಲ. ನಟ್ಟಿನ ಮೇಲೆ ಮೂರು ದಾರ ಹೊರಗೆ ಕಾಣ್ಬೇಕು. ನಾಲ್ಕೂ ನಟ್ಟು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪಸ್ವಲ್ಪವಾಗಿ ಬಿಗೀರಿ. ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಅಂತಿಮ. ಅದು ಸಿಗದಿದ್ರೆ 8.8 ದರ್ಜೆಯ 12 ಎಂಎಂಗೆ ಸುಮಾರು 80, 14 ಎಂಎಂಗೆ ಸುಮಾರು 125 ನ್ಯೂಟನ್ ಮೀಟರ್. ಶ್ಯಾಕಲ್ ಮತ್ತು ಕಣ್ಣಿನ ಬೋಲ್ಟನ್ನ ಮಾತ್ರ ಈಗ ಕೈಬಿಗಿ ಬಿಡಿ. ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಾದ ಮೇಲೆ ಅವನ್ನ ಬಿಗೀಬೇಕು. ಎತ್ತಿದಾಗಲೇ ಬಿಗಿದ್ರೆ ರಬ್ಬರ್ ಬುಷ್ ತಿರುಚಿದ ಸ್ಥಿತೀಲೇ ಸಿಕ್ಕಾಕೊಳ್ತೈತೆ, ವಾರದಲ್ಲಿ ಹರಿದು ಕಿರ್‌ಕಿರ್ ಅಂತೈತೆ. ಸ್ಪ್ರಿಂಗ್ ಸರಿ ಇಲ್ಲ ಅಂತ ಅಂಗಡಿಗೆ ಜಗಳಕ್ಕೆ ಹೋಗೋರಲ್ಲಿ ಅರ್ಧ ಜನರದ್ದು ಇದೇ ತಪ್ಪು.

ಆಮೇಲೆ ಅಳತೆ. ಹೌಸಿಂಗು ಪೂರ್ತಿ ತೂಗಿದಾಗ ಶಾಕ್ ಅಬ್ಸಾರ್ಬರಿನ ಎರಡು ಬೋಲ್ಟಿನ ನಡುವೆ ಎಷ್ಟು, ಬಂಪ್ ಸ್ಟಾಪಿಗೆ (ಹೌಸಿಂಗು ಮೇಲೇರೋದನ್ನ ತಡೆಯೋ ರಬ್ಬರ್ ಗುಟ್ಟಾ) ತಾಗಿದಾಗ ಎಷ್ಟು, ಬರ್ಕೊಳ್ಳಿ. ಹೊಸ ಶಾಕು ಮೊದಲನೇದಕ್ಕಿಂತ ಒಂದಿಷ್ಟು ಉದ್ದ ಬಿಚ್ಚಬೇಕು, ಎರಡನೇದಕ್ಕಿಂತ 20–25 ಮಿಮೀ ಚಿಕ್ಕದಾಗಿ ಮುಚ್ಚಬೇಕು. ಬರೀ ಉದ್ದಂದು ಅಂತ ತಂದು ಹಾಕಿದ್ರೆ ಬಂಪ್ ಸ್ಟಾಪಿಗೆ ಮುಂಚೆ ಶಾಕೇ ತಳ ಮುಟ್ಟಿ ಮೇಲಿನ ಬ್ರ್ಯಾಕೆಟ್ ಕಿತ್ತು ಬರ್ತೈತೆ. 235 ಟೈರು ಕಮಾನಿಗೆ ತಾಗೋಕೆ 20 ಮಿಮೀ ಇರುವಾಗಲೇ ಬಂಪ್ ಸ್ಟಾಪ್ ಹಿಡಿಯೋ ಹಂಗೆ ಅದನ್ನೂ ಇಳಿಸ್ಕೊಳ್ಳಿ. ಹೌಸಿಂಗ್ ತೂಗಿದ ಸ್ಥಿತೀಲಿ ಮುಂದಿನ ಚಕ್ರ ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸಲ್ಲಿ ಸಡಿಲು ಉಳಿದಿದ್ಯಾ ನೋಡಿ. ಎಳೆದಿದ್ರೆ ಉದ್ದದ ಹೋಸ್ ಹಾಕ್ಸಿ ಏರ್ ಬ್ಲೀಡ್ ಮಾಡ್ಸಿ.

ಶಾಫ್ಟು: ಕೆಲಸಕ್ಕೆ ಮುಂಚೆಯೇ ಸ್ಲಿಪ್ ಜಾಯಿಂಟಿನ (ಶಾಫ್ಟು ಉದ್ದ ಗಿಡ್ಡ ಆಗೋ ಹಲ್ಲಿನ ಜೋಡಣೆ) ಮೇಲೆ ಬಿಳಿ ಪೇಂಟಲ್ಲಿ ಗೆರೆ ಹಾಕಿ. ಎತ್ತರ ಆದ ಮೇಲೆ ಗೆರೆ ಎಷ್ಟು ಹೊರಬಂತು ಅಂತ ಗೊತ್ತಾಗ್ತೈತೆ. ಹೌಸಿಂಗ್ ಪೂರ್ತಿ ತೂಗಿದಾಗ್ಲೂ ಹಲ್ಲು ಶಾಫ್ಟಿನ ದಪ್ಪದಷ್ಟಾದ್ರೂ ಒಳಗಿರ್ಬೇಕು, ಇಲ್ಲಾಂದ್ರೆ ಲೇತಲ್ಲಿ ಉದ್ದ ಮಾಡ್ಸಿ ಬ್ಯಾಲೆನ್ಸ್ ಮಾಡ್ಸಬೇಕು. ಶಾಫ್ಟ್ ಬಿಚ್ಚಿ ಹಾಕುವಾಗ ಎರಡು ತುದಿಯ ಕ್ರಾಸಿನ (ಶಾಫ್ಟ್ ಬಾಗೋ ಕೀಲು) ಕಿವಿಗಳು ಒಂದೇ ನೇರದಲ್ಲಿರ್ಲಿ. ಪಿನಿಯನ್ನಿಗೂ ಟ್ರಾನ್ಸ್‌ಫರ್ ಕೇಸಿನ (ಮುಂದೆ ಹಿಂದೆ ಶಾಫ್ಟಿಗೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಔಟ್‌ಪುಟ್ಟಿಗೂ ಕೋನ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ 50–60ರಲ್ಲಿ ನೆಲ ನಡುಗ್ತೈತೆ, ಆಮೇಲೆ ಕ್ರಾಸ್ ತಿಂತೈತೆ. ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ನೋಡಿದ್ರೂ ಸಾಕು. ಸರಿ ಮಾಡೋಕೆ ಉಕ್ಕಿನ ಓರೆ ಶಿಮ್ (ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಇಡೋ ಬೆಣೆ), ಅಲ್ಯೂಮಿನಿಯಂದು ಬೇಡ, ಬಿರಿಯುತ್ತೆ. ಸ್ಪ್ರಿಂಗು ಹೌಸಿಂಗ್ ಮೇಲೆ ಕೂತಿರೋ ನಿಮ್ಮ ಹಿಂದಿನ ಆಕ್ಸಲ್ಲಲ್ಲಿ ಪಿನಿಯನ್ ಮೂಗು ಮೇಲೇಳಬೇಕಂದ್ರೆ ಶಿಮ್ಮಿನ ದಪ್ಪ ತುದಿ ಹಿಂದಕ್ಕೆ. ಮುಂದಿನ ಆಕ್ಸಲ್ಲಲ್ಲಿ ಕ್ಯಾಸ್ಟರೂ ಪಿನಿಯನ್ನೂ ಒಂದೇ ಹೌಸಿಂಗಲ್ಲಿ ಇರೋದ್ರಿಂದ ಒಂದು ಸರಿ ಮಾಡಿದ್ರೆ ಇನ್ನೊಂದು ಕೆಡ್ತೈತೆ. ಅಲ್ಲಿ ಕ್ಯಾಸ್ಟರಿಗೆ ಮೊದಲ ಮರ್ಯಾದೆ.

ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸಿಂದ ಚಕ್ರದ ಕಡೆ ಹೋಗೋ ಕಡ್ಡಿ) ಈಗ ಹೆಚ್ಚು ಓರೆ ಆಗಿರ್ತೈತೆ, ಸ್ಟೇರಿಂಗ್ ಒಂದು ಪಕ್ಕಕ್ಕೆ ತಿರುಗಿ ನಿಂತಿರ್ತೈತೆ. 40 ಮಿಮೀಗೆ ಲಿಂಕಿನ ಉದ್ದ ಸರಿ ಮಾಡಿದ್ರೆ ಸಾಕು. ಗುಂಡೀಲಿ ಬಿದ್ದಾಗ ಸ್ಟೇರಿಂಗ್ ತಾನಾಗಿ ಎಳೆದ್ರೆ ಕೆಳಗೆ ಬಾಗಿದ ಪಿಟ್‌ಮನ್ ಆರ್ಮ್ (ಸ್ಟೇರಿಂಗ್ ಬಾಕ್ಸಿಂದ ಲಿಂಕನ್ನ ಎಳೆಯೋ ತೋಳು) ಬೇಕು. ಇರೋ ಆರ್ಮನ್ನ ಗ್ಯಾಸಲ್ಲಿ ಕಾಸಿ ಬಾಗ್ಸೋದು, ಲಿಂಕಿಗೆ ವೆಲ್ಡಿಂಗ್ ಮಾಡೋದು ಮಾತ್ರ ಬೇಡವೇ ಬೇಡ.


ಮಾನ್ವಿ_ಬಂಡಿ (ಮಾನ್ವಿ)

ನಡುವ ಬಾಯಿ ಹಾಕ್ತೀನ್ರಿ. ನಂದು ಬ್ಯಾರೆ ಪಿಕಪ್ಪು, ಮುಂದ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂಗ ಕೆಲಸ ಮಾಡೋ ಸರಳು) ಅದ. ಬೋಲ್ಟ್ ತಿರುವಿದ್ರ ಎತ್ತರ ಆಗತದಂತ, ಫ್ರೀ ಲಿಫ್ಟ್ ಅಂತಾರ. ಹೌದಾ?


ಪಾನಾ_ಪೆಟ್ಟಿಗೆ

ಎತ್ತರ ಆಗ್ತೈತೆ, ಫ್ರೀ ಅಲ್ಲ. ಕೆಳಗಿಳಿಯೋಕೆ ಇದ್ದ ಜಾಗ ತಿಂದು ಎತ್ತರ ಕೊಡ್ತೈತೆ. 25 ಮಿಮೀ ದಾಟಿದ್ರೆ ಚಕ್ರ ಗುಂಡಿಗೆ ಇಳಿದಾಗ ಮೇಲಿನ ಆರ್ಮು ಸ್ಟಾಪಿಗೆ ಟಕ್ ಟಕ್ ಅಂತ ಬಡೀತೈತೆ, ಆಕ್ಸಲ್ ಶಾಫ್ಟಿನ ಜಾಯಿಂಟು ಓರೆಯಾಗಿ ರಬ್ಬರ್ ಬೂಟ್ ಹರೀತೈತೆ. ಅದ್ರೊಳಗೆ ನಮ್ಮ ಕಡೆ ಧೂಳು ಹೊಕ್ರೆ ಜಾಯಿಂಟ್ ಒಂದು ಸೀಸನ್ನು. ತಿರುವೋ ಮುಂಚೆ ಬೋಲ್ಟಿನ ಹೊರಗೆ ಎಷ್ಟು ದಾರ ಇದೆ ಅಂತ ಎರಡೂ ಕಡೆ ಅಳೀರಿ, ಚಕ್ರ ಎತ್ತಿ ಭಾರ ಇಳಿಸಿ ತಿರುವಿ, ಕೆಳಗಿಳಿಸಿ ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ ಆಮೇಲೆ ಅಳೀರಿ. ಕೊನೆಗೆ ಅಲೈನ್‌ಮೆಂಟ್ ಕಡ್ಡಾಯ.


ಖಾತೆ_ಪಹಣಿ (ಕೊಪ್ಪಳ)

ಕಾಗದದ ಮಾತು ಯಾರೂ ಎತ್ತಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ 4ನೇ ಉಪಕಲಂ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಇದ್ದೇ ಇದೆ. ಕೂತ ಸ್ಪ್ರಿಂಗ್ ತೆಗೆದು ಹೊಸದು ಹಾಕುವುದು ರಿಪೇರಿ, ಬ್ಲಾಕ್ ಇಡುವುದು ಬದಲಾವಣೆ. 40 ಮಿಮೀ ಹೆಚ್ಚು ಬಾಗಿನ ಸೆಟ್ಟೂ ಪ್ರಶ್ನೆಗೆ ಬರಬಹುದು, ಆದ್ದರಿಂದ ಕೆಲಸಕ್ಕೆ ಮೊದಲು ಕೆಎ 37 (ಕೊಪ್ಪಳ) ಆರ್‌ಟಿಒ ಕಚೇರಿಯಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ. ಹಳೆಯ ಸೆಟ್ಟನ್ನು ಗುಜರಿಗೆ ಹಾಕಬೇಡಿ.

ಇನ್ನು ಬಂಡೆ ದಾರಿ ಅಂದಿರಿ. ಆನೆಗೊಂದಿ ಹಂಪಿಯ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಹಿರೇಬೆಣಕಲ್ಲಿನ ಮೊರೇರ ಗುಡ್ಡದ ಕಡೆ, ಕಾಯ್ದಿಟ್ಟ ಅರಣ್ಯದೊಳಗೆ ಗಾಡಿ ಏರಿಸುವ ಯೋಚನೆ ಇದ್ದರೆ ಈಗಲೇ ಬಿಡಿ.


ತುಂಗಾತೀರ_37

ಎಲ್ಲಾ ಬರಕೊಂಡೆ. ಬ್ಲಾಕು, ಉದ್ದ ಶ್ಯಾಕಲ್ ಎರಡೂ ಇಲ್ಲ. ಮೊದಲ ಟೈರು ಮತ್ತ ಕಂಪನಿ ಅಳತಿ ಹೊಸ ಸೆಟ್ಟು, ಎತ್ತರದ ಸೆಟ್ಟಿನ ಮಾತು ಆರ್‌ಟಿಒ ಕಚೇರಿಯಾಗ ಕೇಳಿದ ಮ್ಯಾಲೆ. ಗದ್ದಿ ನೀರಿನಾಗ ಇಳಿದ್ರ ಹೌಸಿಂಗಿಗೆ ಏನಾರ ಮಾಡಬೇಕೇನು?


ಎರೆಮಣ್ಣು

ಹೌಸಿಂಗ್ ಮ್ಯಾಲೆ ಸಣ್ಣ ಬ್ರೀದರ್ (ಗಾಳಿ ಆಡೋ ತೂತು) ಇರ್ತದ. ಬಿಸಿ ಹೌಸಿಂಗು ತಣ್ಣೀರಿಗೆ ಇಳಿದ ಕೂಡ್ಲೆ ಒಳಗಿನ ಗಾಳಿ ಕುಗ್ಗಿ ಅಲ್ಲಿಂದ ನೀರು ಎಳಕೊಂತದ. ಎಣ್ಣಿ ತಡಕೊಳ್ಳೋ ಹೋಸ್ ಹಾಕಿ, ಅದರ ತುದಿ ಹಿಂದ ಡಬ್ಬಿ ಎತ್ತರಕ್ಕ, ಮುಂದ ಎಂಜಿನ್ ರೂಮಿನ ಮ್ಯಾಲಿನ ತನ ಒಯ್ಯಿರಿ. ಹೌಸಿಂಗ್ ಆಡುವಷ್ಟು ಸಡಿಲು ಬಿಡ್ರಿ. ನೀರಿಗೆ ಇಳಿದ ಮ್ಯಾಲೆ ಡ್ರೇನ್ ಬೋಲ್ಟ್ ಸ್ವಲ್ಪ ಸಡಲ ಮಾಡಿ ನಾಕು ಹನಿ ಬಿಟ್ಟು ನೋಡ್ರಿ. ಹಾಲಿನ ಚಹಾದ ಬಣ್ಣ ಬಂತಂದ್ರ ಎಣ್ಣಿ ಪೂರ್ತಿ ಬದಲಿ.

ಮತ್ತ ಯು ಬೋಲ್ಟ್ 100 ಕಿಲೋಮೀಟರಿಗೆ ಒಮ್ಮೆ, 500ಕ್ಕ ಇನ್ನೊಮ್ಮೆ ಬಿಗೀರಿ, ಹೊಸ ಪ್ಲೇಟ್ ಒಂದರ ಮ್ಯಾಲೊಂದು ಕೂಡಲಿಕ್ಕ ಅಷ್ಟು ಬೇಕು. ಹೆಡ್‌ಲೈಟ್ ಕೆಳಗ ಮಾಡಿಸ್ಕೊರಿ, 10 ಮೀಟರಿಗೆ 10 ಸೆಂಟಿಮೀಟರ್ ಇಳೀಬೇಕು. ಇಲ್ಲಂದ್ರ ಸಿಂಧನೂರು ರೋಡಿನಾಗ ಎದುರಿಗೆ ಬರೋ ಭತ್ತದ ಲಾರಿಯವರು ಸುಮ್ನ ಬಿಡಂಗಿಲ್ಲ.